ಉಪ್ಪುಮಿಡಿ ವ್ಯಾಪಾರ: ಇಲ್ಲಿವರೆಗೆ ಆದದ್ದು

ಅಪ್ಪೆಮಿಡಿ, ಅಂದರೆ ಪರಿಮಳದ ಎಳೆ ಮಾವಿನಕಾಯಿಯ ಉಪ್ಪಿನಕಾಯಿ ಮಾರುವವರು ನಮ್ಮ ಹೊಸನಗರ, ಸಾಗರದ ಕಡೆ ಬೇಕಾದಷ್ಟು ಜನ ಇದ್ದಾರೆ. ಅವರ ಜೊತೆ ನಾನೂ ಒಂದು ಹೆಸರಿಟ್ಟುಕೊಂಡು ನಿಲ್ಲುವುದರಲ್ಲಿ ಅರ್ಥ ಕಾಣಲಿಲ್ಲ. ನನ್ನ ಯೋಚನೆ ಅದಕ್ಕಿಂತ ಸಣ್ಣದು. ಉಪ್ಪಿನಕಾಯಿ ಬೇಡ, ಉಪ್ಪಿನಲ್ಲಿ ಹಾಕಿಟ್ಟ ಮಿಡಿಯನ್ನಷ್ಟೇ ಮಾರುವುದು. ಮಸಾಲೆ ಅರೆಯುವುದು ಕೊಂಡವರ ಕೆಲಸ.

ಬೆಂಗಳೂರು ಸೇರಿದ ನೆಂಟರು ಕೇಳುವುದೂ ಇದನ್ನೇ. ಸಾಸಿವೆ, ಬ್ಯಾಡಗಿ ಮೆಣಸು ಅಲ್ಲೇ ಸಿಗುತ್ತದೆ. ಅಮ್ಮನ ಮನೆಯ ಹದವೂ ಗೊತ್ತಿರುತ್ತದೆ. ಸಿಗದೇ ಇರುವುದು ಒಳ್ಳೆಯ ಮಿಡಿ. ಹಸಿ ಮಿಡಿ ಕೊಯ್ದ ಮೇಲೆ ಜಾಸ್ತಿ ತಡೆಯುವುದಿಲ್ಲ. ಉಪ್ಪಿಗೆ ಬಿದ್ದದ್ದು ವರ್ಷ ದಾಟಿದರೂ ಇರುತ್ತದೆ. ಅಲ್ಲಿಗೆ ಕಳಿಸಬೇಕಾದದ್ದು ಯಾವುದು ಅಂತ ಇದರಲ್ಲೇ ಗೊತ್ತಾಗುತ್ತದೆ ಅಲ್ವಾ?

ಮಾರ್ಚ್: ಮಿಡಿ ಹೊಂದಿಸಿದ್ದು

ಅಪ್ಪೆ ಮರ ಪ್ರತಿ ವರ್ಷ ಒಂದೇ ಥರ ಕಾಯಿ ಬಿಡುವುದಿಲ್ಲ. ಒಂದು ವರ್ಷ ಹೇರಿಕೊಂಡು ಬಿಟ್ಟರೆ ಮುಂದಿನ ವರ್ಷ ಸುಮ್ಮನಿರುತ್ತದೆ. ಹೂವಿನ ಹೊತ್ತಿಗೆ ಮಂಜು, ಜಿಗಿಹುಳ ಬಂದರೆ ಅದೂ ಇಲ್ಲ. ಒಂದೇ ಮರವನ್ನು ನಂಬಿ ವ್ಯಾಪಾರ ಶುರು ಮಾಡುವ ಹಾಗಿಲ್ಲ.

ರಿಪ್ಪನ್‌ಪೇಟೆಯಲ್ಲಿ ಸೀಸನ್ನಿನಲ್ಲಿ ಮಿಡಿ ವ್ಯಾಪಾರ ಜೋರು. ಮೊದಲು ಅಲ್ಲಿಗೇ ಹೋಗಿ ನೋಡಿದೆ. ಮಿಡಿ ಚೆನ್ನಾಗಿಯೇ ಇತ್ತು, ಆದರೆ ಹತ್ತಾರು ಮರದ್ದು ಒಂದೇ ರಾಶಿಯಲ್ಲಿ. ಜೀರಿಗೆ ಪರಿಮಳದ್ದು ಒಂದು, ಬರೀ ಹುಳಿಯದ್ದು ಇನ್ನೊಂದು. ಮನೆಯಲ್ಲಿ ತಿನ್ನಲು ಪರವಾಗಿಲ್ಲ, ಮಾರಲು ಕಷ್ಟ. ಕಲಬೆರಕೆ ಮಿಡಿ ಉಪ್ಪಿನಲ್ಲಿ ಒಂದೇ ಸಮ ಇಳಿಯುವುದಿಲ್ಲ. ಒಂದು ಗಟ್ಟಿ ಇರುವಾಗಲೇ ಇನ್ನೊಂದು ಮೆತ್ತಗಾಗಿರುತ್ತದೆ. ಹಾಗಾಗಿ ಮರದವರ ಜೊತೆಯೇ ಮಾತಾಡಿದೆ. ಒಂದು ಮರದ ಮಿಡಿಗೆ ಒಂದು ಡ್ರಮ್. ಡ್ರಮ್ಮಿನ ಮೇಲೆ ಮರದ ಗುರುತು. ಅನಂತ ಭಟ್ಟನ ಅಪ್ಪೆ, ಮಾಳಂಜಿ ಅಂತ ಹೆಸರಿರುವ ತಳಿಗಳ ಕಸಿ ಗಿಡ ಹಾಕಿದವರೂ ಇದ್ದಾರೆ. ನನಗೆ ಸಿಕ್ಕಿದ್ದು ಮಾತ್ರ ಹೊಳೆದಂಡೆಯ, ಹೆಸರೇ ಇಲ್ಲದ ಕಾಡುಮರಗಳು. ತೊಟ್ಟು ಮುರಿದು ಸೊನೆ ಮೂಸಿದರೆ ಸಾಕು, ಬೇಕೋ ಬೇಡವೋ ಅಂತ ಅಮ್ಮ ಅಲ್ಲೇ ಹೇಳಿಬಿಡುತ್ತಾರೆ.

ಕೊಯ್ಲಿನ ಕೂಲಿ ಮಿಡಿಯ ಬೆಲೆಯ ಹತ್ತಿರಕ್ಕೇ ಬರುತ್ತದೆ. ಅದರಲ್ಲಿ ಚೌಕಾಸಿ ಮಾಡಲಿಲ್ಲ. ಎತ್ತರದ ಮರ, ಗೊಂಚಲನ್ನು ಬುಟ್ಟಿಯಲ್ಲಿ ಹಗ್ಗ ಕಟ್ಟಿ ಇಳಿಸಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಸಾಕು, ಡ್ರಮ್ಮನ್ನೇ ಕೆಡಿಸುತ್ತದೆ. ಕೆಲಸ ಬೇಗ ಆಗಲಿ ಅಂತ ಕೊಂಬೆ ಕಡಿದು ಹಾಕುವ ರೂಢಿ ಕೆಲವು ಕಡೆ ಇದೆ. ಹಾಗೆ ಕೊಯ್ದ ಮಿಡಿ ನನಗೆ ಬೇಡ ಎಂದು ಮೊದಲೇ ಹೇಳಿದ್ದೆ.

ಏಪ್ರಿಲ್: ಡ್ರಮ್ಮಿನ ಪಕ್ಕ

ಕೊಯ್ದ ದಿನವೇ ಉಪ್ಪಿಗೆ ಹಾಕಬೇಕು. ಒಂದಿಂಚು ತೊಟ್ಟು ಬಿಟ್ಟು ಮುರಿಯುವುದು. ತೊಟ್ಟು ಕಿತ್ತರೆ ಸೊನೆ ಸೋರಿ ಪರಿಮಳ ಹೋಗುತ್ತದೆ, ಸಿಪ್ಪೆಯೂ ಕಪ್ಪಾಗುತ್ತದೆ. ತೊಳೆದು, ನೀರಿನ ಪಸೆ ಇಲ್ಲದ ಹಾಗೆ ಬಟ್ಟೆಯ ಮೇಲೆ ಆರಿಸಿ, ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ನಮ್ಮನೆಯ ಅಳತೆ ನಾಲ್ಕು ಪಾಲು ಮಿಡಿಗೆ ಒಂದು ಪಾಲು ಉಪ್ಪು. ನೀರು ಹಾಕುವುದಿಲ್ಲ. ಉಪ್ಪೇ ಮಿಡಿಯೊಳಗಿನ ನೀರನ್ನು ಎಳೆದು ಹೊರಗೆ ತರುತ್ತದೆ. ದಿನಾ ಒಮ್ಮೆ ಕುಲುಕಿ, ಮೇಲೆ ಭಾರ ಇಡಬೇಕು. ತೇಲಿ ಗಾಳಿಗೆ ಸಿಕ್ಕಿದ ಮಿಡಿಗೆ ಬೂಸ್ಟು ಗ್ಯಾರಂಟಿ. ಮೂರು ವಾರ ಕಳೆಯುವ ಹೊತ್ತಿಗೆ ಮಿಡಿ ಚಿರುಟಿ, ಉಪ್ಪುನೀರಿನಲ್ಲಿ ಮುಳುಗಿ ಕೂತಿರುತ್ತದೆ.

ಭರಣಿಯ ಬದಲು ಫುಡ್ ಗ್ರೇಡ್ ಪ್ಲಾಸ್ಟಿಕ್ ಡ್ರಮ್ ತಂದಿದ್ದಕ್ಕೆ ಅಮ್ಮನಿಗೆ ಸಮಾಧಾನ ಇರಲಿಲ್ಲ. "ನೋಡುವಾ" ಎಂದರು ಅಷ್ಟೇ. ಪಕ್ಕದಲ್ಲಿ ತಮ್ಮದೊಂದು ಭರಣಿಯನ್ನೂ ತುಂಬಿಟ್ಟುಕೊಂಡರು.

ಮೇ: ಡಬ್ಬಿ

ಇಡೀ ಕೆಲಸದಲ್ಲಿ ತಲೆ ತಿಂದದ್ದು ಇದು. ಗಾಜಿನ ಬಾಟಲಿ ನೋಡಲು ಚೆಂದ, ಆದರೆ ಭಾರ, ಪಾರ್ಸೆಲ್‌ನಲ್ಲಿ ಒಡೆಯುವ ಭಯ ಬೇರೆ. ತಗಡಿನ ಮುಚ್ಚಳ ಉಪ್ಪಿಗೆ ತುಕ್ಕು ಹಿಡಿಯುತ್ತದೆ. ಪೌಚು ಅಗ್ಗ ಅಂತ ನೋಡಿದರೆ, ಒಣಗಿ ಗಟ್ಟಿಯಾದ ತೊಟ್ಟು ಒಳಗಿನಿಂದಲೇ ಚುಚ್ಚಿ ತೂತು ಮಾಡುತ್ತದೆ. ತೊಟ್ಟು ಕತ್ತರಿಸಿ ಎಂದು ಒಬ್ಬರು ಸಲಹೆ ಕೊಟ್ಟರು. ಊಟಕ್ಕೆ ಕೂತಾಗ ತೊಟ್ಟು ಹಿಡಿದೇ ಮಿಡಿ ಕಚ್ಚುವುದು, ಅದನ್ನು ಕತ್ತರಿಸಿ ಕೊಟ್ಟರೆ ಯಾರು ತಗೊಳ್ಳುತ್ತಾರೆ? ಕೊನೆಗೆ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ, ಒಳಮುಚ್ಚಳ ಇರುವಂಥದ್ದು. ತುಂಬಿದ್ದನ್ನು ಒಂದು ರಾತ್ರಿ ತಲೆಕೆಳಗಾಗಿ ಇಡುವುದು. ಸೋರದಿದ್ದರೆ ಮಾತ್ರ ಲೇಬಲ್.

ಉಪ್ಪುನೀರನ್ನೂ ಡಬ್ಬಿಗೆ ಹಾಕುತ್ತೇನೆ. ಮಸಾಲೆ ಅರೆಯುವಾಗ ಆ ನೀರನ್ನೇ ಕುದಿಸಿ, ಆರಿಸಿ ಬಳಸಬೇಕು. ಗೊತ್ತಿಲ್ಲದವರು ಚೆಲ್ಲಿಬಿಡುತ್ತಾರೆ, ಅದಕ್ಕೆ ಲೇಬಲ್ಲಿನಲ್ಲೇ ದಪ್ಪಕ್ಷರದಲ್ಲಿ ಬರೆಸಿದೆ. ಉಪ್ಪುನೀರಿನ ಉಪ್ಪಿನಕಾಯಿಗೆ ಆಹಾರ ಸುರಕ್ಷತೆಯ ನಿಯಮವೂ ಇದೆ: ನೀರು ಬಸಿದ ಮೇಲೆ ಉಳಿಯುವ ಮಿಡಿ ಒಟ್ಟು ತೂಕದ ಶೇ. 60ಕ್ಕೆ ಕಡಿಮೆ ಇರಬಾರದು, ನೀರಿನಲ್ಲಿ ಉಪ್ಪು ಶೇ. 10ಕ್ಕೆ ಕಡಿಮೆ ಇರಬಾರದು. ನಮ್ಮ ಅಳತೆಯಲ್ಲಿ ಉಪ್ಪಿನ ಚಿಂತೆ ಇಲ್ಲ. ಡಬ್ಬಿಯಲ್ಲಿ ನೀರೇ ಜಾಸ್ತಿ ಆಗದ ಹಾಗೆ ಮಾತ್ರ ತೂಕ ನೋಡಿ ತುಂಬಬೇಕು.

ಕಾಗದಪತ್ರ

ಹೆದರಿದಷ್ಟು ಇರಲಿಲ್ಲ. ನಾನು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಣ್ಣ ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. 14 ಅಂಕಿಯ ನಂಬರ್ ಲೇಬಲ್ಲಿನ ಮೇಲೆ ಬರಬೇಕು. ಜಿಎಸ್‌ಟಿ ಸದ್ಯಕ್ಕೆ ಬೇಕಿಲ್ಲ. ಆದರೆ ಮುಂಬೈಯಿಂದ ಆರ್ಡರ್ ಬಂದಾಗ ಬೇಡ ಎನ್ನಬೇಕಾಯಿತು. ಬೇರೆ ರಾಜ್ಯಕ್ಕೆ ಸರಕು ಮಾರಿದರೆ ವಹಿವಾಟು ಎಷ್ಟೇ ಸಣ್ಣದಿದ್ದರೂ ಜಿಎಸ್‌ಟಿ ನೋಂದಣಿ ಕಡ್ಡಾಯ. ಸಣ್ಣ ಆಹಾರ ಉದ್ಯಮಗಳಿಗೆಂದು ಇದ್ದ ಪಿಎಂಎಫ್‌ಎಂಇ ಯೋಜನೆಯಲ್ಲಿ ಆಗ ಸಾಲದ ಜೊತೆ ಕೇಂದ್ರದ ಶೇ. 35 ಸಹಾಯಧನ ಸಿಗುತ್ತಿತ್ತು, ತಗೋ ಎಂದವರು ಬಹಳ. ಸಹಾಯಧನ ಬರುತ್ತದೆ ಅಂತ ಯಂತ್ರ ತರುವುದು ನನಗೆ ಸರಿ ಕಾಣುವುದಿಲ್ಲ. ಈ ಕೆಲಸದಲ್ಲಿ ಯಂತ್ರಕ್ಕೆ ಜಾಗವೇ ಇಲ್ಲ.

ಜೂನ್: ದರ

ಅರ್ಧ ಕಿಲೋ ಡಬ್ಬಿಗೆ 220 ರೂಪಾಯಿ. ಮಿಡಿಗೂ ಕೊಯ್ಲಿಗೂ ಸೇರಿ 90, ಡಬ್ಬಿ ಮತ್ತು ಲೇಬಲ್ 22, ಮನೆಯ ಕೆಲಸದ ಕೂಲಿ 45. ಪಾರ್ಸೆಲ್ ಖರ್ಚು ಕೊಂಡವರದ್ದು. ಮನೆಯ ಕೂಲಿ ಎಂದರೆ ಅಮ್ಮನದು, ನನ್ನದು. "ನನಗೆ ಯಾಕೋ ಸಂಬಳ?" ಎಂದು ಅಮ್ಮ ನಕ್ಕರು. ಲೆಕ್ಕಕ್ಕೆ ಹಿಡಿಯಲೇಬೇಕು ಎಂದು ಕೂತೆ. ಮನೆಮಂದಿಯ ದುಡಿತ ಬಿಟ್ಟು ಲೆಕ್ಕ ಹಾಕಿದರೆ ಎಲ್ಲ ವ್ಯಾಪಾರವೂ ಲಾಭದಲ್ಲೇ ಕಾಣುತ್ತದೆ. ಉಳಿದ 63ರಲ್ಲಿ ಕೆಟ್ಟ ಮಿಡಿ, ಸೋರಿದ ಡಬ್ಬಿ, ಓಡಾಟ ಎಲ್ಲ ಹೋಗಬೇಕು.

ಬೆಂಗಳೂರಿಗೆ ರಾತ್ರಿ ಬಸ್ಸಿಗೆ ಹಾಕುತ್ತೇನೆ. ಬೆಳಗ್ಗೆ ಅವರೇ ಹೋಗಿ ಬಿಡಿಸಿಕೊಳ್ಳುತ್ತಾರೆ. ಕೊಂಡವರಲ್ಲಿ ಅರ್ಧಕ್ಕರ್ಧ ನಮ್ಮ ಕಡೆಯವರೇ. ಉಳಿದವರಿಂದ ಬರುವ ಪ್ರಶ್ನೆ ಒಂದೇ: ಮಿಡಿ ಯಾಕೆ ಸುಕ್ಕಾಗಿದೆ? ಮಸಾಲೆ ಪುಡಿಯನ್ನೂ ಜೊತೆಗೆ ಕೊಡಿ ಎಂದೂ ಕೆಲವರು ಹೇಳಿದ್ದಾರೆ. ಕೊಡುವುದಿಲ್ಲ. ಪುಡಿ ಕೊಟ್ಟ ದಿನ ನಾನೂ ಉಪ್ಪಿನಕಾಯಿಯವನೇ ಆಗುತ್ತೇನೆ, ಆಮೇಲೆ ಖಾರ ಕಮ್ಮಿ, ಸಾಸಿವೆ ಜಾಸ್ತಿ ಎಂಬ ಪಂಚಾಯ್ತಿ. ಸಾಸಿವೆ, ಮೆಣಸಿನ ಅಳತೆ ಬರೆದ ಒಂದು ಚೀಟಿ ಇಡುತ್ತೇನೆ, ಸಾಕು.

ಡ್ರಮ್ಮಿನದ್ದೂ ಭರಣಿಯದ್ದೂ ಪಕ್ಕಪಕ್ಕ ಇಟ್ಟು ರುಚಿ ನೋಡಿದ್ದಾಯಿತು. ಅಮ್ಮನಿಗೆ ಭರಣಿಯದ್ದೇ ಮೇಲು. ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಮುಂದಿನ ಸಲಕ್ಕೆ ಮರದವರು ಈಗಲೇ ಮುಂಗಡ ಕೇಳುತ್ತಿದ್ದಾರೆ. ಈ ವರ್ಷ ಹೇರಿದ ಮರಗಳು ಬರುವ ವರ್ಷ ಕೈಕೊಡುವ ಸಾಧ್ಯತೆಯೇ ಜಾಸ್ತಿ, ಹಾಗಾಗಿ ಬೇರೆ ಮರ ಹುಡುಕುತ್ತಿದ್ದೇನೆ. ಡಿಸೆಂಬರ್ ಕೊನೆಗೆ ಹೂವು ನೋಡಿಕೊಂಡು ದುಡ್ಡಿನ ಮಾತು ಎಂದು ಹೇಳಿಟ್ಟಿದ್ದೇನೆ.