ಪ್ರಪಂಚವೆಲ್ಲ ಸೇರಿ ಸಂಶೋಧನೆ ಮಾಡಿ ನಮಗೇನು ಸಿಕ್ಕಿತು?

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಔಷಧಿಗಳ ಟ್ರಯಲ್ ನೋಡಿಕೊಳ್ಳುವುದು ನನ್ನ ಕೆಲಸ. ಅದು ಗೊತ್ತಾದರೆ ಸಾಕು, ಮದುವೆ ಮನೆಯ ಊಟದ ಸಾಲಿನಲ್ಲಾಗಲಿ, ಲಾಲ್‌ಬಾಗ್‌ನಲ್ಲಿ ವಾಕಿಂಗ್ ಹೋದಾಗಲಾಗಲಿ, ಯಾರಾದರೂ ಕೇಳಿಯೇ ಕೇಳುತ್ತಾರೆ: "ಕೊರೋನಾ ಟೈಮಲ್ಲಿ ಅಷ್ಟೊಂದು ದೇಶ ಸೇರಿ ಸಂಶೋಧನೆ ಅಂದ್ರಲ್ಲ, ನಮಗೇನು ಸಿಕ್ತು?"

ಕೇಳುವವರಲ್ಲಿ ಮನೆಯವರನ್ನು ಕಳೆದುಕೊಂಡವರೂ ಇರುತ್ತಾರೆ. ಸುಮ್ನೆ ಏನೋ ಹೇಳಿ ಜಾರಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಮೊದಲು ಡೆಕ್ಸಾಮೆಥಾಸೋನ್ ವಿಷಯ ಹೇಳುತ್ತೇನೆ. ಕಿರುಬೆರಳಿನಷ್ಟು ಗಾಜಿನ ಬಾಟಲಿ, ಒಳಗೆ ನೀರಿನಂಥ ಇಂಜೆಕ್ಷನ್. ಹಳೇ ಸ್ಟೀರಾಯ್ಡ್. ಕೆಲವೇ ರೂಪಾಯಿಗೆ ಸಿಗುತ್ತದೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ನಡೆದ ರಿಕವರಿ ಅನ್ನುವ ಟ್ರಯಲ್ 2020ರ ಜೂನ್ 16ರಂದು ಇದರ ಫಲಿತಾಂಶ ತಿಳಿಸಿತು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ಬರೀ ಆಕ್ಸಿಜನ್ ಹಾಕಿದ್ದವರಲ್ಲಿ ಐದನೇ ಒಂದು ಭಾಗ. ಆಕ್ಸಿಜನ್ ಬೇಕಿಲ್ಲದವರಿಗೆ ಏನೂ ಉಪಯೋಗ ಕಾಣಲಿಲ್ಲ. ಜೂನ್ 27ಕ್ಕೆ ನಮ್ಮ ಕೇಂದ್ರ ಆರೋಗ್ಯ ಇಲಾಖೆ ಇದನ್ನು ಚಿಕಿತ್ಸೆಯ ಪಟ್ಟಿಗೆ ಸೇರಿಸಿತು. ಹನ್ನೊಂದೇ ದಿನ! ಆ ಜುಲೈನಲ್ಲಿ ನಮ್ಮ ವಾರ್ಡಿನಲ್ಲಿ ಆಕ್ಸಿಜನ್ ಮೇಲಿದ್ದವರಿಗೆ ದಿನಕ್ಕೆ 6 ಮಿಲಿಗ್ರಾಂ ಲೆಕ್ಕದಲ್ಲಿ ಅದನ್ನೇ ಕೊಡುತ್ತಿದ್ದೆವು.

ಇಷ್ಟು ಬೇಗ ಉತ್ತರ ಸಿಕ್ಕಿದ್ದು 175ಕ್ಕೂ ಜಾಸ್ತಿ ಆಸ್ಪತ್ರೆಗಳು ಒಂದೇ ಪ್ರಶ್ನೆಯನ್ನು ಒಂದೇ ರೀತಿಯಲ್ಲಿ ಕೇಳಿದ್ದರಿಂದ. ಒಬ್ಬ ಡಾಕ್ಟರ್ ಐವತ್ತು ರೋಗಿಗಳಿಗೆ ಕೊಟ್ಟು ನೋಡಿದರೆ, ಗುಣವಾದದ್ದು ಔಷಧಿಯಿಂದಲೋ ತಾನಾಗಿಯೋ ಹೇಳಲು ಬರುವುದಿಲ್ಲ. ಸಾವಿರಗಟ್ಟಲೆ ಜನ ಬೇಕು. ಅವರೆಲ್ಲ ಒಪ್ಪಬೇಕು.

ಹಲವು ದೇಶಗಳಲ್ಲಿ ನಡೆಯುತ್ತಿದ್ದ ಇನ್ನೊಂದು ಟ್ರಯಲ್‌ಗೆ ನಮ್ಮಲ್ಲಿಯೂ ಒಪ್ಪಿಗೆ ಪಡೆಯುತ್ತಿದ್ದೆವು. ಪಿಪಿಇ ಕಿಟ್ ಒಳಗೆ ಬೆವರು ಇಳಿಯುತ್ತಿತ್ತು. ಕನ್ನಡಕ ಮಂಜಾಗಿ ಫೋನಿನ ಪರದೆ ಸರಿಯಾಗಿ ಕಾಣುತ್ತಿರಲಿಲ್ಲ. ವಿಡಿಯೋ ಕಾಲ್‌ನಲ್ಲಿ ಒಬ್ಬ ರೋಗಿಯ ಮಗ ಕೇಳಿದರು: "ಮೇಡಂ, ಔಷಧಿ ನಮ್ಮಪ್ಪನಿಗೇ ಸಿಗುತ್ತೆ ಅಲ್ವಾ?"

"ಹೇಳಕ್ಕಾಗಲ್ಲ ಸರ್. ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತೆ. ಯಾವ ಗುಂಪಿಗೆ ಹೋದ್ರೂ ಮಾಮೂಲಿ ಚಿಕಿತ್ಸೆ ನಿಲ್ಲಿಸಲ್ಲ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬೇರೆಯವರಿಗಾದ್ರೂ ಉಪಯೋಗ ಆಗುತ್ತಾ?"

"ಆಗುತ್ತೆ ಸರ್."

"ಅಪ್ಪನ್ನೇ ಒಂದು ಮಾತು ಕೇಳಿ. ಅವರು ಹೂಂ ಅಂದ್ರೆ ನಂದೇನೂ ಅಡ್ಡಿ ಇಲ್ಲ."

ಅಪ್ಪ ಮಾಸ್ಕ್ ಒಳಗಿಂದಲೇ ತಲೆಯಾಡಿಸಿದರು.

ಸಿಕ್ಕಿದ್ದೇನು ಎಂದರೆ ಇಂಥವರು ಕೊಟ್ಟ ಉತ್ತರಗಳು ಸಿಕ್ಕವು. ಅವುಗಳನ್ನು ಬೇಕಾದವರಿಗೆ ಮುಟ್ಟಿಸುವುದರಲ್ಲಿ ನಾವು ಸೋತೆವು. 2021ರ ಎರಡನೇ ಅಲೆಯಲ್ಲಿ ಜ್ವರ ಬಂದ ಎರಡನೇ ದಿನಕ್ಕೇ ವಾಟ್ಸಾಪ್ ಚೀಟಿ ನೋಡಿಕೊಂಡು ಮನೆಯಲ್ಲೇ ಸ್ಟೀರಾಯ್ಡ್ ಮಾತ್ರೆ ನುಂಗಿದವರನ್ನು ಎಷ್ಟೋ ಜನರನ್ನು ಕಂಡೆ. ಸಕ್ಕರೆ ಕಾಯಿಲೆ ಇದ್ದವರಿಗೆ ಶುಗರ್ ಏರಿ, ಕೆಲವರಿಗೆ ಬ್ಲ್ಯಾಕ್ ಫಂಗಸ್ ಬಂತು. ಆಕ್ಸಿಜನ್ ಬೇಕಿಲ್ಲದವರಿಗೆ ಇದರಿಂದ ಉಪಯೋಗವಿಲ್ಲ ಅನ್ನುವ ಮಾತು ಹಿಂದಿನ ಜೂನ್‌ನಲ್ಲೇ ಬಂದಿತ್ತು. ಅದನ್ನು ಕನ್ನಡದಲ್ಲಿ, ಮನೆಮನೆಗೆ ಕೇಳಿಸುವ ಹಾಗೆ ಯಾರೂ ಹೇಳಲಿಲ್ಲ. ನನಗೆ ಇಂದಿಗೂ ಹೊಟ್ಟೆ ಉರಿಯುವುದು ಇದಕ್ಕೇ.

ಲಸಿಕೆಯಲ್ಲೂ ಇದೇ ಆಯಿತು, ಇನ್ನೂ ದೊಡ್ಡ ಮಟ್ಟದಲ್ಲಿ. ಎಲ್ಲ ದೇಶಗಳಿಗೂ ಹಂಚಲು ಕೋವ್ಯಾಕ್ಸ್ ಅಂತ ಒಂದು ಏರ್ಪಾಡು ಮಾಡಿದರು. 2021 ಮುಗಿಯುವುದರೊಳಗೆ 200 ಕೋಟಿ ಡೋಸ್ ಅಂದುಕೊಂಡಿದ್ದರು. 100 ಕೋಟಿ ಮುಟ್ಟುವಷ್ಟರಲ್ಲಿ 2022ರ ಜನವರಿ. ಶ್ರೀಮಂತ ದೇಶಗಳು ಮೊದಲೇ ಕಾಸು ಕೊಟ್ಟು ಸಾಲಿನ ಮುಂದೆ ನಿಂತಿದ್ದವು. ಕೋವ್ಯಾಕ್ಸ್‌ನ ಮೊದಲ ಡೋಸ್‌ಗಳು 2021ರ ಫೆಬ್ರವರಿ 24ರಂದು ಘಾನಾ ಮುಟ್ಟಿದವು. ಅವು ಪುಣೆಯ ಸೀರಮ್ ಕಂಪನಿಯಲ್ಲಿ ತಯಾರಾದವು. ಆಮೇಲೆ ನಮ್ಮಲ್ಲೇ ಹೆಣಗಳ ಸಾಲು ನಿಂತಾಗ ರಫ್ತು ನಿಂತಿತು. ಬೆಡ್‌ಗಾಗಿ ಹಗಲೂ ರಾತ್ರಿ ಫೋನ್ ಮಾಡುತ್ತಿದ್ದ ನನಗೆ ಆಗ ಅದು ತಪ್ಪು ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ಅಷ್ಟೊಂದು ಬಡ ದೇಶಗಳು ಹೆಚ್ಚಾಗಿ ಒಂದೇ ಕಂಪನಿಯ ದಾರಿ ಕಾಯುವ ಹಾಗೆ ಮಾಡಿದ್ದು ಮುಂದಾಳುಗಳ ತಪ್ಪೇ.

2025ರ ಮೇ 20ರಂದು ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯಲ್ಲಿ, ಮುಂದೆ ಇಂಥ ರೋಗ ಬಂದರೆ ದೇಶಗಳು ಹೇಗೆ ಕೂಡಿ ಎದುರಿಸಬೇಕು ಅನ್ನುವ ಮಹಾಮಾರಿ ಒಪ್ಪಂದಕ್ಕೆ ಒಪ್ಪಿಗೆ ಸಿಕ್ಕಿತು. ವೈರಸ್‌ನ ಮಾದರಿ ಕೊಟ್ಟ ದೇಶಕ್ಕೆ ಲಸಿಕೆ ಹೇಗೆ ಸಿಗಬೇಕು ಅನ್ನುವ ಭಾಗವನ್ನು ಮಾತ್ರ ಅಂದು ಮುಂದಕ್ಕೆ ಹಾಕಿದರು. ನನ್ನ ಪ್ರಕಾರ ಜೀವ ಇರುವುದು ಅದರಲ್ಲೇ.

ಆ ವಿಡಿಯೋ ಕಾಲ್‌ನ ಮಗ ತಿಂಗಳುಗಳಾದ ಮೇಲೆ ಫೋನ್ ಮಾಡಿದರು. ಅಪ್ಪ ಮನೆಗೆ ಹೋಗಿದ್ದರು. "ಅಪ್ಪ ಕೇಳ್ತಿದ್ದಾರೆ ಮೇಡಂ, ಆ ಔಷಧಿ ಏನಾಯ್ತು ಅಂತ." ಫಲಿತಾಂಶ ಇಂಗ್ಲಿಷಿನಲ್ಲಿ ಬಂದಿತ್ತು, ಅವರಿಗೆ ಯಾರೂ ತಿಳಿಸಿರಲಿಲ್ಲ, ನಾನೂ ತಿಳಿಸಿರಲಿಲ್ಲ. ಔಷಧಿ ಕೆಲಸ ಮಾಡಲಿಲ್ಲ ಎಂದೆ. ಸ್ಪೀಕರ್ ಹಾಕಿದರು. ಯಾಕೆ, ಹೇಗೆ ಎಂದು ಇಪ್ಪತ್ತು ನಿಮಿಷ ಇಬ್ಬರಿಗೂ ಬಿಡಿಸಿ ಹೇಳಿದೆ.