ಜೀನನ್ನೇ ತೆಗೆದುಹಾಕಿದರೆ ಆಗಲ್ವಾ?

ವಿಜಯಪುರದ ಕಡೆ ಕಾಲೇಜುಗಳಿಗೆ ಮಾತಾಡಲು ಹೋದಾಗ ಬಿ.ಎಸ್ಸಿ. ಹುಡುಗರು ತಪ್ಪದೆ ಕೇಳುತ್ತಾರೆ: "ಒಂದ್ ಪ್ರೋಟೀನ್ ಏನ್ ಕೆಲ್ಸಾ ಮಾಡ್ತೈತಿ ಅಂತ ನೋಡಾಕ ಅದರ ಜೀನ್ ತಗದ ಒಗದ್ರ ಮುಗೀತಲ್ರಿ ಮೇಡಂ. ಪೆಪ್ಟೈಡ್ ಯಾಕ್ ಬೇಕ್ರಿ?"

ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳನ್ನು ಪೋಣಿಸಿದ ಪುಟ್ಟ ಸರ, ಪ್ರೋಟೀನಿನದೇ ಚಿಕ್ಕ ತುಂಡಿನ ಹಾಗೆ. ಒಂದು ಪ್ರೋಟೀನಿಗೆ ಅಂಟಿ ಅದರ ಕೆಲಸ ನಿಲ್ಲಿಸಲು ಇದನ್ನು ಬಳಸುತ್ತೇವೆ. ಹುಡುಗರಿಗೆ ಉತ್ತರವಾಗಿ ನಾನು ಆಲಮಟ್ಟಿ ಕಾಲುವೆಯ ಮಾತು ತೆಗೆಯುತ್ತೇನೆ. ಒಂದು ಕಡೆ ಕಾಲುವೆಯನ್ನೇ ತೋಡಲಿಲ್ಲ ಅನ್ನಿ. ಅಲ್ಲಿನ ರೈತ ಸುಮ್ನೆ ಕೂರುತ್ತಾನಾ? ಬೋರ್ ಕೊರೆಸುತ್ತಾನೆ. ನೀವು ಹೋಗಿ ನೋಡುವ ಹೊತ್ತಿಗೆ ಹೊಲ ಹಸಿರಾಗಿರುತ್ತದೆ, ಕಾಲುವೆ ಬೇಕೇ ಇರಲಿಲ್ಲ ಅಂದುಕೊಂಡು ವಾಪಸ್ ಬರುತ್ತೀರಿ. ಅದೇ ಹರಿಯುತ್ತಿರುವ ಕಾಲುವೆಯ ಗೇಟು ಇಳಿಸಿ. ಯಾರ ಬೆಳೆ ಬಾಡಿತು ಅಂತ ಕಣ್ಣಿಗೇ ಕಾಣುತ್ತದೆ. ಜೀನ್ ಇಲ್ಲದೆ ಬೆಳೆದ ಜೀವಕೋಶವೂ ಎಷ್ಟೋ ಸಲ ಹೀಗೆ ಬೋರ್ ಕೊರೆದುಕೊಂಡಿರುತ್ತದೆ. ಪೆಪ್ಟೈಡ್ ನಮ್ಮ ಗೇಟು.

ಪಿಕೆಎ ಅನ್ನೋ ಕಿಣ್ವವನ್ನೇ ನೋಡಿ. ಬೇರೆ ಪ್ರೋಟೀನುಗಳಲ್ಲಿರುವ ಸೆರೀನ್ ಅನ್ನೋ ಅಮೈನೋ ಆಮ್ಲದ ಮೇಲೆ ಫಾಸ್ಫೇಟ್ ಅಂಟಿಸೋದು ಇದರ ಕೆಲಸ. ಇದನ್ನು ತಡೆಯುವ ಪಿಕೆಐ ಅನ್ನೋ ಪ್ರೋಟೀನ್ ಕೋಶದಲ್ಲೇ ಇದೆ. ಅದರ 20 ಅಮೈನೋ ಆಮ್ಲಗಳ ತುಂಡು ಸಿಕ್ಕರೆ ನಮಗೆ ಸಾಕು. ಸೆರೀನ್ ಇರಬೇಕಾದ ಜಾಗದಲ್ಲಿ ಅದಕ್ಕೆ ಅಲನೀನ್ ಅನ್ನೋ ಬೇರೆ ಅಮೈನೋ ಆಮ್ಲ ಇದೆ. ಪಿಕೆಎ ಬಂದು ಗಟ್ಟಿಯಾಗಿ ಹಿಡಿಯುತ್ತದೆ, ಫಾಸ್ಫೇಟ್ ಅಂಟಿಸಲು ಮಾತ್ರ ಜಾಗವಿಲ್ಲ. ಕೋಶದ ಪೊರೆ ದಾಟಿಸಲು ಎಚ್‌ಐವಿಯ ಟ್ಯಾಟ್ ಪ್ರೋಟೀನಿನ ತುಣುಕನ್ನು ಬಾಲದಂತೆ ಜೋಡಿಸಬಹುದು. ಟ್ಯಾಟ್ ತಾನಾಗಿಯೇ ಕೋಶದೊಳಗೆ ಹೋಗುತ್ತದೆ ಅಂತ 1988ರಲ್ಲಿ ಗೊತ್ತಾಯಿತು.

ಈ ಪೆಪ್ಟೈಡಿನ ಸೀಸೆಯ ಜೊತೆಗೆ, ಹೋಲಿಸಿ ನೋಡಲು ಇನ್ನೊಂದು ಸೀಸೆ ಬೇಕೇ ಬೇಕು. ಅವೇ ಅಮೈನೋ ಆಮ್ಲಗಳು, ಕ್ರಮ ಮಾತ್ರ ಅದಲುಬದಲು. 'ಬದನೆಕಾಯಿ'ಯನ್ನು 'ಯಿನೆಕಾದಬ' ಮಾಡಿದ ಹಾಗೆ. ಇದಕ್ಕೂ ಕೋಶ ಅದೇ ಥರ ಆಡಿದರೆ ನಿಮ್ಮ ಪ್ರಯೋಗ ಕೆಟ್ಟಿತು ಅಂತಲೇ ಲೆಕ್ಕ. (ಸೀಸೆಯಲ್ಲಿರೋದು ಕಂಡೂ ಕಾಣದಷ್ಟು ಬಿಳಿ ಪುಡಿ. ನಾನು ಮೊದಲ ಸಲ ಫ್ಯಾನಿನ ಕೆಳಗೆ ಮುಚ್ಚಳ ತೆಗೆದಿದ್ದೆ. ಆಮೇಲೆ ಎಷ್ಟು ಹುಡುಕಿದರೇನು!)

ಹಾಗಂತ ಹುಡುಗರ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. ಪಿಕೆಎಂ-ಝೀಟಾ ಅನ್ನೋ ಕಿಣ್ವವೇ ನೆನಪನ್ನು ಹಿಡಿದಿಟ್ಟಿದೆ ಅಂತ ಒಂದು ವಾದವಿತ್ತು. ಅದನ್ನು ತಡೆಯಲೆಂದು ಮಾಡಿದ ಜಿಪ್ ಅನ್ನೋ ಪೆಪ್ಟೈಡನ್ನು ಇಲಿಗಳ ಮೆದುಳಿಗೆ ಕೊಟ್ಟಾಗ ಹಳೇ ನೆನಪು ಅಳಿಸಿಹೋಯಿತು ಅಂತ 2006ರಲ್ಲಿ ವರದಿ ಬಂತು. 2013ರಲ್ಲಿ ಎರಡು ತಂಡಗಳು ಆ ಜೀನನ್ನೇ ತೆಗೆದು ನೋಡಿದವು. ನೆನಪು ಚೆನ್ನಾಗೇ ಇತ್ತು! ಅಷ್ಟೇ ಅಲ್ಲ, ಕಿಣ್ವವೇ ಇಲ್ಲದ ಆ ಇಲಿಗಳಲ್ಲೂ ಜಿಪ್ ತನ್ನ ಕೆಲಸ ಮಾಡಿತು. ಹಾಗಾದರೆ ಅದು ತಡೆಯುತ್ತಿದ್ದುದು ಯಾವುದನ್ನ?

ಜಿಪ್‌ನ ವರದಿ ಕೊಟ್ಟಿದ್ದ ಹಳೇ ತಂಡದವರು 2016ರಲ್ಲಿ ಉತ್ತರ ಕೊಟ್ಟರು: ಆ ಇಲಿಗಳಲ್ಲಿ ಇದರದ್ದೇ ಬಳಗದ ಇನ್ನೊಂದು ಕಿಣ್ವ ಆ ಕೆಲಸ ವಹಿಸಿಕೊಂಡಿದೆ, ಜಿಪ್ ಅದನ್ನೂ ತಡೆಯುತ್ತದೆ. ಅಂದರೆ, ಇಲಿಗಳು ಬೋರ್ ಕೊರೆಸಿವೆ ಅಂತ.