ಇಳಿಸಿದಷ್ಟೇ ಏರಿಸುವುದು: ಬೆಳಗಾವಿ ಮನೆಯೊಂದರ ಕ್ರಿಸ್‌ಮಸ್ ಸಾಮಾನಿನ ದಿನಚರಿ

ನವೆಂಬರ್ 23, 2025

ಕ್ಯಾಂಪ್ ಭಾಗದ ಹಳೆಯ ಹೆಂಚಿನ ಮನೆ. ಪಡಸಾಲೆ 10 ಅಡಿಗೆ 14, ಅದರಾಚೆ ಎರಡು ಕೋಣೆ, ಅಡುಗೆಮನೆ. ಅಟ್ಟದಲ್ಲಿ ಹಬ್ಬದ ಸಾಮಾನಿನ ಎರಡು ತಗಡಿನ ಟ್ರಂಕು. ಒಂದೊಂದೂ 30 ಇಂಚು ಉದ್ದ, 18 ಅಗಲ, 12 ಎತ್ತರ.

ಡಿಸೆಂಬರಿನಲ್ಲಿ ಮನೆ ಕಿಕ್ಕಿರಿಯುವುದಕ್ಕೆ ನಕ್ಷತ್ರವನ್ನೋ ಗೋದಲಿಯನ್ನೋ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಬೈದು ಫಲವಿಲ್ಲ. ಅವು ಬಂದು ಕೂತ ಜಾಗದಲ್ಲಿ ಮೊದಲಿದ್ದ ಹೂದಾನಿ, ಫೋಟೋ, ಹಳೇ ರಿಮೋಟುಗಳು ಮಂಚದ ಕೆಳಗೆ, ಫ್ರಿಜ್ಜಿನ ಮೇಲೆ, ಹೊಲಿಗೆ ಯಂತ್ರದ ಮೇಲೆ ಚದುರುತ್ತವಲ್ಲ, ರಗಳೆಯೆಲ್ಲ ಅವುಗಳದ್ದು. ಈ ಸಲದ ಕ್ರಮ ಹೀಗೆ: ಟ್ರಂಕು ಖಾಲಿಯಾದ ದಿನವೇ ಷೋಕೇಸಿನ ಸಾಮಾನು ಅದರೊಳಗೆ ತುಂಬಿ ಮತ್ತೆ ಅಟ್ಟಕ್ಕೆ. ಖಾಲಿ ಟ್ರಂಕು ಒಂದು ರಾತ್ರಿ ನೆಲದ ಮೇಲೆ ಉಳಿದರೂ ಅದರ ಮೇಲೆ ಬಟ್ಟೆ ರಾಶಿ ಬೀಳುತ್ತದೆ.

ನವೆಂಬರ್ 30, ಆಗಮನ ಕಾಲದ ಮೊದಲ ರವಿವಾರ

ಮೊದಲ ಟ್ರಂಕು ಇಳಿಯಿತು. ದೀಪದ ಸರ 6, ಕಾಗದದ ನಕ್ಷತ್ರ 2, ಗಿಡಕ್ಕೆ ಕಟ್ಟುವ ಬಣ್ಣದ ಗುಂಡು 48.

ಸರಗಳನ್ನು ಬಿಚ್ಚದೆಯೇ ಪ್ಲಗ್ ಹಾಕಿ ನೋಡಲಾಯಿತು. ನಾಲ್ಕು ಸರಿ ಇವೆ, ಎರಡು ಅರ್ಧರ್ಧ ಮಾತ್ರ ಹತ್ತುತ್ತವೆ. ಸರಿ ಇದ್ದ ನಾಲ್ಕೂ 12 ಇಂಚಿಗೆ 4 ಇಂಚಿನ ರಟ್ಟಿಗೆ ಸುತ್ತಿದ್ದವು. ಕೆಟ್ಟವೆರಡೂ ಅಂಗೈ-ಮೊಣಕೈ ನಡುವೆ ಹಗ್ಗದ ಹಾಗೆ ಸುತ್ತಿದ್ದವು. ಮೊಣಕೈ ಸುತ್ತಿನಲ್ಲಿ ಪ್ರತಿ ಸಲವೂ ತಂತಿ ಒಂದು ತಿರುಚು ತಿನ್ನುತ್ತದೆ, ಆ ಎಳೆತವೆಲ್ಲ ಬಲ್ಬಿನ ಕೊರಳಿಗೆ ಬೀಳುತ್ತದೆ. ಈ ಸರಗಳಲ್ಲಿ ಬಲ್ಬುಗಳದು ಒಂದರ ಹಿಂದೊಂದು ಜೋಡಣೆ. ಒಂದರ ಕಾಲು ಕಿತ್ತರೆ ಆ ಸಾಲೆಲ್ಲ ಕತ್ತಲು. ಸುತ್ತುವಾಗ ತಂತಿಯನ್ನು ಹಿಡಿದುಕೊಂಡು ರಟ್ಟನ್ನು ತಿರುಗಿಸಬೇಕು. ಪ್ಲಗ್ಗಿಲ್ಲದ ತುದಿಯಿಂದ ಶುರು ಮಾಡಿದರೆ ಪ್ಲಗ್ ಕೊನೆಗೆ ಹೊರಗೇ ಉಳಿಯುತ್ತದೆ. ಕೆಟ್ಟ ಎರಡು ಸರ ಗುಜರಿಗೆ. ರಿಪೇರಿ ಮಾಡಿದರಾಯಿತು ಎಂದು ಎತ್ತಿಟ್ಟ ಸರ ಮುಂದಿನ ವರ್ಷವೂ ಹಾಗೇ ಇರುತ್ತದೆ.

ನಕ್ಷತ್ರಕ್ಕೆ 5 ವ್ಯಾಟಿನ ಎಲ್‌ಇಡಿ. ಹಳೆಯ 60 ವ್ಯಾಟಿನ ಬಲ್ಬಿನ ಕಾವಿಗೆ ಕಾಗದ ಕಂದಾಗಿ ಮುರಿಯುತ್ತದೆ, ಬೆಂಕಿಯ ಭಯ ಬೇರೆ. ಇಲ್ಲಿಯ ಡಿಸೆಂಬರಿನ ಇಬ್ಬನಿಗೆ ಕಾಗದ ಜೋತು ಬೀಳುವುದರಿಂದ ಸೂರಿನ ಒಳಗೇ ತೂಗಬೇಕು.

ಡಿಸೆಂಬರ್ 7

ಕುಸ್ವಾರ್, ಅಂದರೆ ಕ್ರಿಸ್‌ಮಸ್ಸಿನ ತಿಂಡಿ ತಿನಿಸು, ಶುರು. ಒಂದೊಂದು ತಿನಿಸಿಗೂ ಒಂದೊಂದು ಡಬ್ಬಿ ಎಂದರೆ ಅಡುಗೆ ಕಟ್ಟೆ ಮಾಯ. ಮೊದಲು ಗಟ್ಟಿ ತಿನಿಸು: ಕಲ್‌ಕಲ್ 2 ಕಿಲೋ, ಪೂರ್ತಿ ಆರಿಸಿ, ತೊಳೆದು ಬಿಸಿಲಿಗೆ ಒಣಗಿಸಿದ 15 ಕಿಲೋ ಎಣ್ಣೆ ಡಬ್ಬಿಗೆ. ಅದು ನೆಲದಲ್ಲಿ ಹಿಡಿಯುವ ಜಾಗ 23 ಸೆಂ.ಮೀ. ಚೌಕ, ಅಷ್ಟೇ. ನೆವ್ರಿಗೆ ಇದು ನಡೆಯದು. ನಮ್ಮ ಕರಚಿಕಾಯಿಯ ಹಾಗೇ ಅಂಚು ಒಡೆಯುತ್ತದೆ. ಅಗಲ ಡಬ್ಬಿಯಲ್ಲಿ ಎರಡೇ ಪದರು, ನಡುವೆ ಕಾಗದ. ಬಿಸಿ ಇರುವಾಗಲೇ ಮುಚ್ಚಿದರೆ ಹಬೆ ಕೂತು ಮರುದಿನವೇ ಮೆತ್ತಗಾಗುತ್ತದೆ. ನೆವ್ರಿ 20ರ ನಂತರ.

ಡಿಸೆಂಬರ್ 14

ಗೋದಲಿಯ ಹಸಿರಿಗೆ ಗೋದಿ. 200 ಗ್ರಾಂ, ರಾತ್ರಿಯಿಡೀ ನೆನೆಸಿ, ಒಂದು ದಿನ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಎರಡು ತಟ್ಟೆಯಲ್ಲಿ ಬಿತ್ತನೆ. ನವರಾತ್ರಿಯ ಘಟಸ್ಥಾಪನೆ ಮಾಡುವ ಮನೆಯವರಿಗೆ ಈ ಕೆಲಸ ಹೇಳಿಕೊಡಬೇಕಿಲ್ಲ. ಚಳಿಗೆ ನಿಧಾನ ಏಳುವುದರಿಂದ 9–10 ದಿನ ಹಿಡಿಯಬೇಕು. ನೀರು ಸುರಿಯಬಾರದು, ಚಿಮುಕಿಸಬೇಕು. ನಿಂತ ನೀರಿಗೆ ಬೇರಿನಲ್ಲಿ ಬಿಳಿ ಬೂಷ್ಟು ಬರುತ್ತದೆ. ತಟ್ಟೆಯ ಕೆಳಗೆ ಇನ್ನೊಂದು ತಟ್ಟೆ ಇಲ್ಲದಿದ್ದರೆ ಸುತ್ತಲೂ ಒರೆಸುವ ಅರಿವೆ ಬೀಳುತ್ತವೆ, ಅದೇ ಹೊಸ ರಾಶಿ.

ಡಿಸೆಂಬರ್ 21

ಎರಡನೇ ಟ್ರಂಕು, ಗೋದಲಿ. 3 ಅಡಿಗೆ 2 ಅಡಿ ಟೀಪಾಯಿಯ ಮೇಲೆ ಮಾತ್ರ. ನೆಲದ ಮೇಲೆ ಹರಡಿದರೆ ಕಸ ಗುಡಿಸುವವರಿಗೂ ಕುರಿಗಳಿಗೂ ಜಗಳ. ಭತ್ತದ ಹುಲ್ಲು ಒಂದೇ ಹಿಡಿ ಸಾಕು. ಎರಡು ಬಿಸಿಲು ಕಾಯಿಸಿ ಜಾಡಿಸದಿದ್ದರೆ ಹುಳವೂ ಒಳಗೆ ಬರುತ್ತದೆ.

ಬಾಲಯೇಸುವಿನ ಮೂರ್ತಿ ಎರಡೂವರೆ ಇಂಚು. ಗೋದಲಿಗೆ ಇಡುವುದು 24ರ ರಾತ್ರಿ, ಆದರೆ ಟ್ರಂಕಿನಿಂದ ಬರುವುದು ಈಗ. ಈ ಮೂರು ದಿನದಲ್ಲೇ ಅದು ಕಳೆಯುವುದು. ಬಿಳಿ ಅರಿವೆಯಲ್ಲಿ ಸುತ್ತಿ, ಅದೇ ಗೋದಲಿಯ ಚಾವಣಿಯ ಒಳಬದಿಗೆ ಕಾಗದದ ಟೇಪಿನಿಂದ ಅಂಟಿಸಲಾಗಿದೆ. ಬಾಲಯೇಸುವನ್ನು ನೋಡಲು ಬಂದ ಮೂವರು ರಾಜರ ಮೂರ್ತಿಗಳದು ಬೇರೆ ಪಿಶವಿ, ಅದು ಟೀಪಾಯಿಯ ಕೆಳಗಿನ ಹಲಗೆಯಲ್ಲಿ.

ನೆಂಟರ ಗಾದಿ 4. ಹಗಲಿನಲ್ಲಿ ಗೋಡೆಗೆ ಜೋಡಿಸಿ ಕೌದಿ ಹೊದಿಸಿದರೆ ಕೂಡುವ ಕಟ್ಟೆಯೇ ಆಗುತ್ತದೆ.

ಡಿಸೆಂಬರ್ 28

ತಾಟುಗಳ ಸಮಸ್ಯೆ. ಓಣಿಗೆ ಕುಸ್ವಾರ್ ಕೊಟ್ಟ ತಾಟು 14, ಮರಳಿದ್ದು 9, ನಮ್ಮದಲ್ಲದವು 6. ಕಳಿಸುವಾಗಲೇ ತಳಕ್ಕೆ ಟೇಪ್ ಹಚ್ಚಿ ಮನೆಹೆಸರು ಬರೆಯಬೇಕಿತ್ತು. ಕೆಲಸ ತಪ್ಪಿದ್ದು ಇಲ್ಲೇ.

ಡಿಸೆಂಬರ್ 31ಕ್ಕೆ ಓಲ್ಡ್ ಮ್ಯಾನ್, ಅಂದರೆ ಹಳೇ ವರ್ಷದ ಮುದುಕನ ಬೊಂಬೆ, ಸುಡುವ ಊರಿದು. ಮಿಕ್ಕ ಹುಲ್ಲು, ಹರಿದ ಹತ್ತಿ ಅಂಗಿಗಳು ಹುಡುಗರ ಪಾಲಿಗೆ. ಥರ್ಮಾಕೋಲ್, ನೈಲಾನ್, ಮಿಂಚಿನ ಜರಿ ಕೊಡಲಿಲ್ಲ: ಉರಿದರೆ ವಿಷದ ಹೊಗೆ, ಕರಗಿದ ಹನಿ ಕಾಲಿಗೆ ಬೀಳುತ್ತದೆ. ಹತ್ತಿ ಸೀರೆ ಕೌದಿಗೆ ಮೀಸಲು. ಉಡುಗೊರೆಯ ರಟ್ಟೆಲ್ಲ ಚಪ್ಪಟೆ ಮಾಡಿ ಸುತಳಿ ಕಟ್ಟಿ ರದ್ದಿಗೆ. ನಾಲ್ಕು ತುಂಡು ಮಾತ್ರ ಸರ ಸುತ್ತಲು.

ಜನವರಿ 11, 2026

ಮೂರು ರಾಜರ ಹಬ್ಬ ಮುಗಿದಿದೆ, ಟ್ರಂಕುಗಳ ಅದಲುಬದಲು. ಷೋಕೇಸಿನಿಂದ ಹೋಗಿದ್ದ 31 ಸಾಮಾನಿನಲ್ಲಿ ಇಷ್ಟು ದಿನ ಯಾರೂ ಕೇಳದವು 12. ಅವು ಷೋಕೇಸಿಗೆ ಮರಳಲಿಲ್ಲ.

ಮೂರ್ತಿಗಳಿಗೆ ಹಳೇ ಧೋತರದ ತುಂಡು. ಪೇಪರಿನ ಮಸಿ ಮುಖಕ್ಕೆ ಹತ್ತುತ್ತದೆ. ಕಿವಿ ಮುರಿದ ಕುರಿಗೆ ಫೆವಿಕಾಲ್ ಹಚ್ಚಿ ಒಂದು ರಾತ್ರಿ ಬಿಟ್ಟು ಆಮೇಲೆ ಸುತ್ತಿದ್ದು. ಸಣ್ಣ ಗುಂಡುಗಳು ಮೊಟ್ಟೆಯ ಟ್ರೇಯಲ್ಲಿ, ಪ್ಲಾಸ್ಟಿಕ್ಕಿನದೇ. ರಟ್ಟಿನ ಟ್ರೇಗೆ ಜಿರಳೆ ಬರುತ್ತದೆ. ಮೇಣದಬತ್ತಿ ಟ್ರಂಕಿಗಿಲ್ಲ, ಏಪ್ರಿಲ್ಲಿನಲ್ಲಿ ಹೆಂಚಿನ ಕೆಳಗೆ ಬಾಗುತ್ತವೆ. ಅವು ಅಡುಗೆಮನೆಯ ಕೆಳಗಿನ ಖಾನೆಗೆ.

ಮುಚ್ಚಳ ಎರಡೂ ಹಾಕಿವೆ. ಹೊರಗೆ ಉಳಿದದ್ದು ಒಂದು ನಕ್ಷತ್ರದ ಬಿದಿರಿನ ಕಡ್ಡಿ ಮತ್ತು ಯಾರದೆಂದು ಗೊತ್ತಾಗದ ಎರಡು ಸ್ಟೀಲ್ ತಾಟು.